ಮನೆ ಮನೆಗೂ ಯುರೋಪ್ ಕೇಳಿದ ಮೇಷ್ಟ್ರು

ಕಣ್ಣಿಗೆ ಬಟ್ಟೆ ಕಟ್ಟಿ ಪ್ಯಾರಿಸ್ಸಿನ ನಟ್ಟನಡುವೆ ಬಿಟ್ಟರೂ ಸರಿ, ಹರಿಹರದ ಬಸ್ ನಿಲ್ದಾಣದಿಂದ ತಮ್ಮ ಮನೆಗೆ ನಡೆದಷ್ಟೇ ಸಲೀಸಾಗಿ ಕೇಳಿದ ವಿಳಾಸ ಮುಟ್ಟಿ ತೋರಿಸುತ್ತೇನೆ ಎಂದು ನಾಗಭೂಷಣ್ ಮೇಷ್ಟ್ರು ಹೇಳದ ದಿನ ದಾವಣಗೆರೆಯಲ್ಲಿ ಸೂರ್ಯ ಹುಟ್ಟಿದ್ದನ್ನು ಕಂಡವರಿಲ್ಲ. ಯಾವ ಸುರಂಗ ರೈಲು ಹತ್ತಿ ಎಲ್ಲಿ ಇಳಿಯಬೇಕು, ಯಾವ ಸೇತುವೆ ದಾಟಿದರೆ ಯಾವ ಬೀದಿ, ಯಾವ ಬೀದಿಯ ಯಾವ ಮೂಲೆಯಲ್ಲಿ ಬ್ರೆಡ್ಡಿನ ಅಂಗಡಿ, ಎಲ್ಲವೂ ಅವರ ನಾಲಗೆ ತುದಿಯಲ್ಲಿತ್ತು. ಅಲ್ಲಿನ ಪೊಲೀಸರೇ ದಾರಿ ತಪ್ಪಿದರೆ ಹರಿಹರಕ್ಕೆ ಫೋನ್ ಮಾಡಿ ಕೇಳಬೇಕು, ಅಷ್ಟು. ಇಷ್ಟಾಗಿ ಯುರೋಪಿನ ದಿಕ್ಕಿಗೆ ಅವರು ಪ್ರಯಾಣ ಮಾಡಿದ ಅತಿ ದೂರದ ಊರು ಹುಬ್ಬಳ್ಳಿ. ಅದೂ ನಾದಿನಿಯ ಮದುವೆಗೆ.

ಮೇಷ್ಟ್ರಿಗೆ ಈ ವಿದ್ಯೆ ಹತ್ತಿದ್ದು ಬಾಡಿಗೆಯವರಿಂದ. ಅವರು ಹುಡುಗರಾಗಿದ್ದಾಗ ಹರಿಹರದ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದ ಫ್ರೆಂಚ್ ಇಂಜಿನಿಯರ್ ಒಬ್ಬ ಅವರ ಮನೆಯ ಮುಂದಿನ ಕೋಣೆಯಲ್ಲಿ ಕೆಲಕಾಲ ಇದ್ದ. ಯಂತ್ರ ಜೋಡಿಸಿದನೋ ಬಿಟ್ಟನೋ, ಹೋಗುವಾಗ ಒಂದು ಟೋಪಿ, ಒಂದು ಪ್ಯಾರಿಸ್ ನಕ್ಷೆ, ಫ್ರೆಂಚ್ ಕಲಿಸುವ ಒಂದು ಪೆಟ್ಟಿಗೆ ಕ್ಯಾಸೆಟ್ಟು ಬಿಟ್ಟುಹೋದ. ಟೋಪಿಯನ್ನು ಅಪ್ಪ ಹಾಕಿಕೊಂಡರು. ನಕ್ಷೆ, ಕ್ಯಾಸೆಟ್ಟು ಮಗನ ಪಾಲಿಗೆ ಬಂದವು. ಹರಿಹರದ ಬಿಸಿಲಿಗೆ ಟೇಪು ಹಿಗ್ಗಿ ಹಿಗ್ಗಿ ಅದರೊಳಗಿನ ಹೆಂಗಸಿನ ದನಿ ಕೋಣದ ದನಿಯಾಗಿತ್ತು. ಹಾಗಾಗಿ ಇವತ್ತಿಗೂ ಮೇಷ್ಟ್ರು ಫ್ರೆಂಚ್ ಮಾತಾಡಿದರೆ ತುಂಗಭದ್ರೆ ಬೇಸಿಗೆಯಲ್ಲಿ ಹರಿದಂತೆ ಇರುತ್ತದೆ: ನಿಂತಿದೆಯೋ ಹರಿಯುತ್ತಿದೆಯೋ ಗೊತ್ತಾಗುವುದಿಲ್ಲ. ಆಮೇಲೆ ದೂರಶಿಕ್ಷಣದಲ್ಲಿ ಡಿಪ್ಲೊಮಾ, ಎಂ.ಎ. ಎಲ್ಲ ಮಾಡಿಕೊಂಡರು ಅನ್ನಿ. ಆದರೆ ಬುನಾದಿ ಆ ಹಿಗ್ಗಿದ ಟೇಪಿನದೇ.

ಇಂಥ ವಿದ್ಯೆಗೆ ದಾವಣಗೆರೆಯಲ್ಲಿ ಗಿರಾಕಿ ಹುಟ್ಟಿದ್ದು ಚಿತ್ರಾನ್ನದ ದಯೆಯಿಂದ. ಅಲ್ಲೊಂದು ಹೆಣ್ಣುಮಕ್ಕಳ ಡಿಗ್ರಿ ಕಾಲೇಜು. ಅದರ ಸೆಕ್ರೆಟರಿ ಮಹಾಂತೇಶ್ ಅಕ್ಕಿ ವ್ಯಾಪಾರದ ದೊಡ್ಡ ಮನೆತನದವರು. ಒಂದು ಬೇಸಿಗೆಯಲ್ಲಿ ಅವರು ಅಡುಗೆಯವರ ಸಮೇತ ಹೊರಡುವ ಟೂರಿನಲ್ಲಿ ಯುರೋಪು ಸುತ್ತಿ, ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಂತು ಚಿತ್ರಾನ್ನ ತಿಂದು, ಫೋಟೋ ಹೊಡೆಸಿಕೊಂಡು ಬಂದರು. ಹಿಮದ ಮೇಲೆ ತಿಂದ ಚಿತ್ರಾನ್ನ ನೇರ ತಲೆಗೇರುತ್ತದೆ. ವಿಮಾನ ಇಳಿದವರೇ, ನಮ್ಮ ಹುಡುಗಿಯರು ಯುರೋಪು ಕಲಿಯಬೇಕು ಎಂದರು. ಬಿ.ಎ.ಯಲ್ಲಿ ಹೊಸ ಕಾಂಬಿನೇಷನ್ ಎದ್ದು ನಿಂತಿತು: ಫ್ರೆಂಚ್ ಭಾಷೆ, ಯುರೋಪ್ ಅಧ್ಯಯನ, ಸಂಶೋಧನಾ ವಿಧಾನ, ಜೊತೆಗೆ ಹೊಟ್ಟೆಪಾಡಿಗಿರಲಿ ಎಂದು ವ್ಯವಹಾರದ ಮೂಲಪಾಠ. ನಾಲ್ಕು ಪೇಪರು. ನಾಲ್ಕಕ್ಕೂ ಅತಿಥಿ ಉಪನ್ಯಾಸಕರು ಒಬ್ಬರೇ, ನಾಗಭೂಷಣ್.

ಒಬ್ಬರೇ ಎಂದು ಹುಡುಗಿಯರಿಗೆ ಬೇಜಾರಾಗಬಾರದು ನೋಡಿ. ಗಂಟೆ ಹೊಡೆದ ಕೂಡಲೇ ಮೇಷ್ಟ್ರು ಹೊರಗೆ ಹೋಗಿ, ಒಂದು ಲೋಟ ನೀರು ಕುಡಿದು, ಇನ್ನೊಬ್ಬ ಪ್ರಾಧ್ಯಾಪಕರಾಗಿ ಒಳಗೆ ಬರುತ್ತಿದ್ದರು. ಫ್ರೆಂಚಿಗೆ ಕೊರಳಿಗೊಂದು ಮಫ್ಲರು, ದಾವಣಗೆರೆಯ ಏಪ್ರಿಲ್ಲಿನಲ್ಲೂ. ಯುರೋಪ್ ಅಧ್ಯಯನಕ್ಕೆ ಕನ್ನಡಕ. ಸಂಶೋಧನೆಗೆ ಮುಖ ಗಂಟು. ವ್ಯವಹಾರ ಪಾಠಕ್ಕೆ ಬಂದವರಂತೂ, ಹಿಂದಿನ ಪೀರಿಯಡ್ಡಿನ ಫ್ರೆಂಚ್ ಮೇಷ್ಟ್ರು ಬೋರ್ಡು ಒರೆಸದೇ ಹೋಗಿದ್ದಾರೆ ಎಂದು ದಿನಾ ಬೈದು, ತಾವೇ ಒರೆಸುತ್ತಿದ್ದರು.

ಆದರೆ ಪಾಠವನ್ನು ಮಾತ್ರ ಬಾಯಿ ಚಪ್ಪರಿಸುವ ಹಾಗೆ ಹೇಳುತ್ತಿದ್ದರು. ಯುರೋಪಿನ ಒಕ್ಕೂಟ ಎಂದರೆ ಒಲೆ ಬೇರೆ, ದೇವರಮನೆ ಒಂದೇ ಇರುವ ಕೂಡುಕುಟುಂಬ. ಬ್ರಿಟನ್ ಎಂದರೆ ಜಗಳ ತೆಗೆದು ಪಾಲು ಹಂಚಿಕೊಂಡು ಹೋಗಿ, ಹಬ್ಬ ಬಂದರೆ ಊಟಕ್ಕೆ ಕರೆಯಲಿಲ್ಲ ಅಂತ ಮುನಿಸಿಕೊಳ್ಳುವ ಕಿರೀ ತಮ್ಮ. ಹೀಗೆ ಹೇಳಿದರೆ ಯಾವ ಹುಡುಗಿ ಮರೆತಾಳು? ಹದಡಿಯಿಂದ ಬರುವ ಅಂಕಿತಾ ಈ ಕೋರ್ಸಿಗೆ ಸೇರಿದ್ದೇ ಮಧ್ಯಾಹ್ನದ ಬಸ್ಸಿಗೆ ಹೊಂದುತ್ತದೆ ಅಂತ. ಮಂಡಕ್ಕಿ ಭಟ್ಟಿಯ ಹಿದಾಯತ್ ಸಾಬರ ಮಗಳು ಆಲಿಯಾ ಸೇರಿದ್ದು ಅಣ್ಣಂದಿರಿಗೆ ತಿಳಿಯದ ಭಾಷೆಯಲ್ಲಿ ಅವರನ್ನು ಬಯ್ಯಬಹುದು ಅಂತ. ಈಗ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತು ಫ್ರೆಂಚಿನಲ್ಲಿ ಜಗಳ ಆಡುವಷ್ಟು ಮುಂದುವರಿದಿದ್ದರು. ನಡುವೆ ಮಾತು ಸಾಲದೆ ಬಂದರೆ ಕನ್ನಡದಲ್ಲಿ ಮುಗಿಸುತ್ತಿದ್ದರು.

ಮೇಷ್ಟ್ರ ಹೆಂಡತಿ ವಾಣಿಶ್ರೀ ಹರಿಹರದಲ್ಲಿ ಬ್ಲೌಸ್ ಹೊಲಿಯುತ್ತಾರೆ. ಗಂಡನ ವಿದ್ಯೆಯ ಬಗ್ಗೆ ಅವರ ಅಭಿಪ್ರಾಯ ಒಂದೇ ವಾಕ್ಯದ್ದು: "ಪ್ಯಾರಿಸ್ಸಿನ ಓಣಿ ಓಣಿ ಬಾಯಿಪಾಠ ಐತೆ, ನಮ್ಮ ರೇಷನ್ ಅಂಗಡಿ ಎಲ್ಲೈತೆ ಅಂತ ನನ್ನ ಕೇಳ್ತಾರೆ." ಮೇಷ್ಟ್ರು ಇದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಹೀಗಿರುವಾಗ ಮಹಾಂತೇಶ್ ಸಿಂಗಾಪುರಕ್ಕೆ ಹೋಗಿಬಂದರು. ಮೇಷ್ಟ್ರಿಗೆ ಅಂದೇ ಗೊತ್ತಾಯಿತು: ಸೆಕ್ರೆಟರಿಯವರು ವಿಮಾನ ಹತ್ತಿದರೆ ಕಾಲೇಜಿನಲ್ಲಿ ಯಾರಾದರೊಬ್ಬರು ಇಳಿಯಲೇಬೇಕು. ಅಂದುಕೊಂಡಂತೆಯೇ ಆಯಿತು. ಈ ಸಲ ಅವರ ತಲೆಗೇರಿದ್ದು ಎಐ. ಅದರ ಕೋರ್ಸಿಗೊಂದು ಕೋಣೆ ಬೇಕು, ಕಂಪ್ಯೂಟರ್ ಇಡಲು ಬೆಳಕಿರುವ ಕೋಣೆಯೇ ಆಗಬೇಕು, ಮತ್ತು ಇಡೀ ಕಾಲೇಜಿನಲ್ಲಿ ಎರಡು ಕಡೆ ಕಿಟಕಿ ಇರುವುದು ಯುರೋಪಿಗೆ ಮಾತ್ರ.

ಕರೆಸಿ ಕೂರಿಸಿದರು. ಚಹಾ ಕೊಟ್ಟರು. ಚಹಾ ಕೊಟ್ಟದ್ದೇ ಅಪಶಕುನ. ಊರಿಗೆ ಬೇಡದ ಕೋರ್ಸನ್ನು ಎಷ್ಟು ದಿನ ಹೊತ್ತುಕೊಂಡು ತಿರುಗುವುದು, ಆಡಳಿತ ಮಂಡಳಿ ಕೇಳುತ್ತಿದೆ, ಈ ವರ್ಷವೇ ನಿಲ್ಲಿಸಿ ಹುಡುಗಿಯರನ್ನು ಬೇರೆ ಕಾಂಬಿನೇಷನ್ನಿಗೆ ಹಾಕಿಬಿಡೋಣ ಎಂದು ಸುತ್ತಿ ಬಳಸಿ ಹೇಳಿದರು. ಮೇಷ್ಟ್ರಿಗೆ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿದ್ದದ್ದೂ ತಿಳಿಯಲಿಲ್ಲ. ಐವತ್ತರ ಹತ್ತಿರದ ವಯಸ್ಸು. ಬೇರೆ ಯಾವ ಕಾಲೇಜು ಫ್ರೆಂಚ್ ಮೇಷ್ಟ್ರಿಗೆ ಕಾದು ಕೂತಿದೆ? ಹರಪನಹಳ್ಳಿಯಲ್ಲಿ ಕೇಳಲೋ, ಮಾಯಕೊಂಡದಲ್ಲಿ ಕೇಳಲೋ? ಊರಿಗೆ ಬೇಡ ಎಂದು ಯಾರು ಹೇಳಿದರು ಸರ್ ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಬೇಕು ಅಂತಾದ್ರೂ ಯಾರು ಹೇಳ್ಯಾರೆ?" ಎಂದರು ಮಹಾಂತೇಶ್. "ನೀವೇ ರಿಸರ್ಚ್ ಕಲಿಸೋರಲ್ವಾ ಮೇಷ್ಟ್ರೆ? ಮಾಡಿ ತೋರಿಸ್ರಿ. ಊರಿಗೆ ಬೇಕು ಅಂತ ಬಂದ್ರೆ ಕೋರ್ಸು ಇರ್ತೈತೆ, ನೀವೂ ಇರ್ತೀರಿ. ಬ್ಯಾಡ ಅಂತ ಬಂದ್ರೆ ನನ್ನ ಬೈಬ್ಯಾಡ್ರಿ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದರೆ ಹಿಡಿದುಕೊಳ್ಳುತ್ತಾನೆ. ನಮ್ಮ ಮೇಷ್ಟ್ರು ಅದನ್ನು ಹಿಡಿದು ತೆಪ್ಪ ಕಟ್ಟಲು ಕೂತರು. ತರಗತಿಗೆ ಹೋದವರೇ ಮುಖದ ಗಂಟು ಬಿಚ್ಚಿ, ಈ ಸಲದ ಪ್ರಾಜೆಕ್ಟು ಇದೇ, ದಾವಣಗೆರೆಯ ಜನರಿಗೆ ಯುರೋಪಿನ ಭಾಷೆಗಳ ಮೇಲೆ ಎಷ್ಟು ಆಸೆ ಇದೆ ಎಂದು ಮನೆ ಮನೆಗೆ ಹೋಗಿ ಕೇಳುವುದು ಎಂದು ಸಾರಿದರು. ಬಡಾವಣೆಯ ಸೊಸೆಯಂದಿರು ಬಾಗಿಲಿಗೆ ಬಂದು 'ನಮ್ಮ ಮಗಳಿಗೊಂದು ಸೀಟು ಕೊಡಿ' ಎಂದು ಅಂಗಲಾಚುವುದು ಆಗಲೇ ಅವರ ಕಣ್ಣಿಗೆ ಕಟ್ಟಿತ್ತು.

ಪ್ರಶ್ನಾವಳಿಯನ್ನು ಶಾಸ್ತ್ರೋಕ್ತವಾಗಿ ತಯಾರಿಸಿದರು. ಸಂಶೋಧನೆಯ ಪುಸ್ತಕದಲ್ಲಿ ಮೊದಲು ಹಿನ್ನೆಲೆ, ಆಮೇಲೆ ಅಭಿಪ್ರಾಯ ಎಂದಿದೆ. ಸರಿ, ಮನೆಯಲ್ಲಿ ಎಷ್ಟು ಜನ, ಮನೆಮಾತು ಯಾವುದು, ಏನು ಓದಿದ್ದಾರೆ, ಏನು ಕೆಲಸ, ವಾಹನ ಇದೆಯೇ, ಸ್ವಂತ ಸಂಸ್ಥೆ ಇದೆಯೇ, ವಿದೇಶಕ್ಕೆ ಹೋಗಿದ್ದಾರೆಯೇ ಎಂದೆಲ್ಲ ಕೇಳಿ, ಕಟ್ಟಕಡೆಗೆ, ಮನೆಯ ಹೆಣ್ಣುಮಗಳಿಗೆ ಯುರೋಪಿನ ಭಾಷೆ ಕಲಿಸಲು ಇಷ್ಟವಿದೆಯೇ ಎಂಬ ಪ್ರಶ್ನೆ. ಅದರ ಕೆಳಗೆ ಉತ್ತರ ಕೊಟ್ಟವರ ಸಹಿ.

ಕಡೆಯದನ್ನೇ ಮೊದಲು ಕೇಳಿದರೆ ಒಳ್ಳೆಯದಲ್ಲವೇ ಸರ್ ಎಂದಳು ಅಂಕಿತಾ. ಈಗ ಸರ್ಕಾರದವರೂ ಮನೆ ಮನೆ ಸಮೀಕ್ಷೆ ಮಾಡುತ್ತಿದ್ದಾರೆ, ನಮ್ಮ ಹಳ್ಳಿಯಲ್ಲಿ ಯಾರು ಪೆನ್ನು ಹಿಡಿದು ಬಂದರೂ ನಾಯಿ ಬಿಡುತ್ತಾರೆ ಎಂದೂ ಸೇರಿಸಿದಳು. ಮೇಷ್ಟ್ರು ನಕ್ಕರು. ಶಾಸ್ತ್ರ ಎಂದರೆ ಶಾಸ್ತ್ರ, ಅಡಿಪಾಯ ಬಿಟ್ಟು ಯಾರಾದರೂ ತಾರಸಿ ಹಾಕುತ್ತಾರೆಯೇ ಎಂದು ಕೇಳಿದರು. ಈ ಒಂದು ನಗು ಅವರಿಗೆ ಎಷ್ಟು ದುಬಾರಿಯಾಯಿತು ಎಂಬುದೇ ಮುಂದಿನ ಕಥೆ.

ಆ ದಿನಗಳಲ್ಲಿ ರಾಜ್ಯದ ಶಾಲಾ ಮೇಷ್ಟ್ರುಗಳೆಲ್ಲ ಹೆಗಲಿಗೆ ಚೀಲ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಸರ್ಕಾರದ ಸಮೀಕ್ಷೆಗೆ ಬೀದಿಗಿಳಿದಿದ್ದರು. ಕರೆಂಟ್ ಮೀಟರಿನ ಪಕ್ಕ ಚೀಟಿ ಅಂಟಿಸಿಕೊಂಡ ಮನೆಗಳು ಹಣೆಗೆ ಕುಂಕುಮ ಇಟ್ಟ ಹಾಗೆ ಕಾಣುತ್ತಿದ್ದವು. ಜಾತಿಯ ಕಾಲಮ್ಮಿನಲ್ಲಿ ಏನು ಬರೆಸಬೇಕು ಎಂದು ಪ್ರತಿಯೊಂದು ಜಾತಿಯ ಸಂಘವೂ ವಾಟ್ಸಾಪಿನಲ್ಲಿ ಮಂತ್ರೋಪದೇಶ ಮಾಡಿತ್ತು. ಅದರ ಜೊತೆಗೆ, ಇದ್ದದ್ದು ಇದ್ದಂಗೆ ಹೇಳಿದರೆ ಬಿಪಿಎಲ್ ಕಾರ್ಡು ಹೋಗುತ್ತದೆ, ಕಾರಿದೆ ಎಂದರೆ ಇನ್‌ಕಂ ಟ್ಯಾಕ್ಸಿನವರು ಕಾರಿನಲ್ಲೇ ಬರುತ್ತಾರೆ ಎಂಬ ಗುಲ್ಲು ಬೇರೆ. ಇಂಥ ಮುಹೂರ್ತದಲ್ಲಿ ಹೆಗಲಿಗೆ ಚೀಲ ಹಾಕಿದ ಒಬ್ಬ ಮೇಷ್ಟ್ರು, ಕೊರಳಿಗೆ ಚೀಟಿ ಹಾಕಿದ ಇಬ್ಬರು ಹುಡುಗಿಯರು ನಿಜಲಿಂಗಪ್ಪ ಬಡಾವಣೆಗೆ ಕಾಲಿಟ್ಟರು.

ಮೊದಲ ಬಾಗಿಲು ಕಸ್ತೂರಮ್ಮನವರದು. ಅರವತ್ತು ದಾಟಿದ ಜೀವ. ಇವರನ್ನು ಕಂಡದ್ದೇ ತಡ, "ಬರ್ರಿ, ಕೂಡ್ರಿ, ನಿಮ್ಮನ್ನೇ ಕಾಯ್ತಿದ್ವಿ" ಎಂದು ಒಳಗೆ ಕರೆದರು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಯುರೋಪಿಗಾಗಿ ಕಾಯುತ್ತಿರುವ ಮನೆ! ಅವರು ಇನ್ನೂ ಬಾಯಿ ತೆಗೆಯುವ ಮೊದಲೇ ಕಸ್ತೂರಮ್ಮ ಮೊಬೈಲಿನಲ್ಲಿ ಸಂಘದ ಸಂದೇಶ ಹುಡುಕಿ, ಕನ್ನಡಕ ಏರಿಸಿ, ಜಾತಿ, ಉಪಜಾತಿ, ಅದರ ಸಂಖ್ಯೆ ಎಲ್ಲ ಓದಿ ಹೇಳಿ, ಇಷ್ಟು ಮಾತ್ರ ಬರೆದುಕೊಳ್ಳಿ, ಅಕ್ಷರ ಆಚೀಚೆ ಆಗಬಾರದು ಎಂದರು.

ಅಮ್ಮಾ, ನಾವು ಅದಕ್ಕೆ ಬಂದಿಲ್ಲ, ಕಾಲೇಜಿನಿಂದ ಬಂದಿದ್ದೇವೆ ಎಂದರೆ ಕೇಳುವವರು ಯಾರು? ಮೊನ್ನೆ ಪಕ್ಕದ ಬೀದಿಗೆ ಬಂದ ಸರ್ಕಾರಿ ಮೇಷ್ಟ್ರೂ ತಾನು ಹೈಸ್ಕೂಲಿನವನು ಎಂದೇ ಹೇಳಿದ್ದರಂತೆ. ಮನೆಮಾತು ಕನ್ನಡ ಎಂದರು. ಬೇರೆ ಭಾಷೆ? ಬರುವುದಿಲ್ಲ. ಇಂಗ್ಲಿಷು? ಅದೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ಇಂಗ್ಲಿಷ್ ಪದ್ಯವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುವುದು ಕೇಳಿಸಿತು. ಕಸ್ತೂರಮ್ಮ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಲಿಯಾ ತಾನೇ ಮುಂದೆ ಬಾಗಿ, ನಿಮ್ಮ ಮೊಮ್ಮಗಳಿಗೆ ಫ್ರೆಂಚ್ ಕಲಿಸುವ ಆಸೆ ಇದೆಯೇ ಅಜ್ಜಿ ಎಂದು ಮೆತ್ತಗೆ ಕೇಳಿದಳು.

"ಆಸೆ ಐತೆ ಯವ್ವಾ" ಎಂದರು ಕಸ್ತೂರಮ್ಮ. ಮೇಷ್ಟ್ರು ಪೆನ್ನು ಎತ್ತಿದರು. "ಆದ್ರೆ ಬರ್ಕೊಬ್ಯಾಡ. ಫಾರಿನ್ ಆಸೆ ಇರೋರಿಗೆ ಅಕ್ಕಿ ಯಾಕ ಅಂತ ಕಾರ್ಡ್ ಕಿತ್ಕೊಂಡ್ರೆ? ಇಲ್ಲ ಅಂತ ಬರ್ಕೊ. ಚಾ ಕುಡೀರಿ."

ಬಾಯಲ್ಲಿ ಹೌದು, ಕಾಗದದಲ್ಲಿ ಇಲ್ಲ. ಇದು ಇಡೀ ಬಡಾವಣೆಯ ನೀತಿಯಾಯಿತು. ಆ ವಾರ ದಾವಣಗೆರೆಯಂಥ ಬಡ ಊರು ಭೂಮಿಯ ಮೇಲೆ ಇರಲಿಲ್ಲ. ಮೂರಂತಸ್ತಿನ ಮನೆಯವರು ಮೇಲಿನ ಎರಡು ಅಂತಸ್ತು ಪಕ್ಕದವರದು ಎಂದರು. ಒಬ್ಬರ ಮನೆಯಲ್ಲಿ ಏಸಿ ತಣ್ಣಗೆ ಓಡುತ್ತಿತ್ತು. ಅದು ಗೋಡೆಯ ತೂತು ಮುಚ್ಚಲು ಇಟ್ಟದ್ದು ಎಂದರು. ಮಗಳು ಜರ್ಮನಿಯಲ್ಲಿರುವ ಮನೆಯವರು ಮಗಳು ಅಂಗಡಿಗೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂದರು. ಯಾರಿಗೂ ಯಾವ ಆಸೆಯೂ ಇರಲಿಲ್ಲ. ಊರಿಗೆ ಊರೇ ಸನ್ಯಾಸ ತೆಗೆದುಕೊಂಡಂತಿತ್ತು.

ಪುಸ್ತಕದ ಪ್ರಕಾರ ಯಾವ ಮನೆಗೆ ಹೋಗಬೇಕು ಎಂಬುದನ್ನು ಚೀಟಿ ಎತ್ತಿ ಆರಿಸಬೇಕು. ಹಾಗೆ ಎತ್ತಿದ ಒಂದು ಚೀಟಿಗೆ ಮಹಾಂತೇಶರ ಮನೆಯೇ ಬಂತು. ಇದೊಂದು ಬಿಟ್ಟುಬಿಡೋಣ ಸರ್ ಎಂದಳು ಆಲಿಯಾ. ಶಾಸ್ತ್ರಕ್ಕೆ ಸೆಕ್ರೆಟರಿ ಎಂದರೂ ಒಂದೇ, ಸಾಮಾನ್ಯನೆಂದರೂ ಒಂದೇ ಎಂದು ಮೇಷ್ಟ್ರು ಗೇಟು ತೆಗೆದರು. ಒಳಗೊಳಗೆ ಇನ್ನೊಂದು ಲೆಕ್ಕವೂ ಇತ್ತು: ಯುರೋಪು ನೋಡಿ ಬಂದ ಮನೆ, ಇಲ್ಲೊಂದಾದರೂ ಹೌದು ಸಿಕ್ಕೀತು.

ಮಹಾಂತೇಶ್ ಇರಲಿಲ್ಲ. ಅವರ ತಾಯಿ ನಿರ್ಮಲಮ್ಮ ಸೋಫಾದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಅತಿಥಿ ಉಪನ್ಯಾಸಕರನ್ನು ಅವರು ಎಲ್ಲಿ ನೋಡಿರಬೇಕು! ಮಗ ಏನು ಮಾಡುತ್ತಾನೆ ಎಂದರೆ ಹೊಲ ನೋಡಿಕೊಂಡಿದ್ದಾನೆ ಎಂದರು. ಹೊರಗೆ ಬಟ್ಟೆ ಹೊದಿಸಿ ನಿಲ್ಲಿಸಿದ್ದ ಕಾರು ಬೀಗರದಂತೆ. ಗೋಡೆಯ ಮೇಲೆ ಮಹಾಂತೇಶ್ ಹಿಮದಲ್ಲಿ ನಿಂತು ಚಿತ್ರಾನ್ನದ ತಟ್ಟೆ ಹಿಡಿದು ನಗುತ್ತಿದ್ದ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ತೂಗುತ್ತಿತ್ತು. ವಿದೇಶಕ್ಕೆ ಯಾರೂ ಹೋಗಿಲ್ಲವೇ ಎಂದು ಮೇಷ್ಟ್ರು ಅದರ ಕೆಳಗೇ ನಿಂತು ಕೇಳಿದರು. ಇಲ್ಲ, ಅದು ಸ್ಟುಡಿಯೋದಲ್ಲಿ ಹತ್ತಿ ಹಾಕಿ ತೆಗೆಸಿದ್ದು ಎಂದು ನಿರ್ಮಲಮ್ಮ ಕೈಯಲ್ಲಿದ್ದ ಹತ್ತಿಯನ್ನೇ ಸಾಕ್ಷಿಗೆ ತೋರಿಸಿದರು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. "ಅಮ್ಮಾ, ನಾವು ನಿಮ್ಮ ಮಗನ ಕಾಲೇಜಿನೋರೇ" ಎಂದುಬಿಟ್ಟರು.

ನಿರ್ಮಲಮ್ಮ ಅಡುಗೆಯಾಕೆಯ ಕಡೆ ತಿರುಗಿ, "ನೋಡು, ಹೆಂಗೆ ಬಾಯಿ ಬಿಡಿಸ್ತಾರೆ" ಎಂದರು. ಮತ್ತೆ ಇವರ ಕಡೆ ತಿರುಗಿ, "ಯಾವ ಕಾಲೇಜಪ್ಪಾ? ನಮ್ಮ ಮನ್ಯಾಗೆ ಯಾರಿಗೂ ಕಾಲೇಜಿಲ್ಲ. ಎಲ್ಲಿ ಸಹಿ ಮಾಡ್ಲಿ, ಹೇಳು."

ದುಂಡಗೆ ಸಹಿ ಮಾಡಿ, ಹುಡುಗಿಯರ ಕೈಗೆ ಒಂದೊಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಕಡೆಯ ಆಸೆ ಮಂಡಕ್ಕಿ ಭಟ್ಟಿಯ ಕಡೆಗಿತ್ತು. ಏನಿಲ್ಲವೆಂದರೂ ಆಲಿಯಾಳ ಮನೆಯಿದೆ. ಮಗಳೇ ಹೋಗಿ ಕೇಳಿದರೆ ಅಪ್ಪ ಇಲ್ಲ ಎಂದಾನೆಯೇ? ಹಿದಾಯತ್ ಸಾಬರು ಭಟ್ಟಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡುತ್ತಿದ್ದರು. ಮಗಳ ಕೊರಳಿನ ಚೀಟಿ, ಮೇಷ್ಟ್ರ ಹೆಗಲಿನ ಚೀಲ ಎರಡನ್ನೂ ನೋಡಿ ಮುಖ ಬಿಗಿ ಮಾಡಿದರು. ಮಗಳನ್ನೂ ಅವಳ ಮೇಷ್ಟ್ರನ್ನೂ ಸರ್ಕಾರದವರು ಸಮೀಕ್ಷೆಯ ಕೆಲಸಕ್ಕೆ ಹಚ್ಚಿದ್ದಾರೆ ಎಂದೇ ಅವರು ತಿಳಿದದ್ದು. ಮನೆಯಲ್ಲಿ ಕಾಲೇಜು ಓದುವವರು ಯಾರಿದ್ದಾರೆ ಎಂದು ಮಗಳು ಅಪ್ಪನನ್ನು ಕೇಳಿದಳು. ಯಾರೂ ಇಲ್ಲ ಎಂದು ಅಪ್ಪ ಮಗಳಿಗೆ ಹೇಳಿದರು.

"ಅಬ್ಬಾ, ನಾನು?" ಎಂದಳು ಆಲಿಯಾ.

ಹಿದಾಯತ್ ಸಾಬರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ನೀನು ಇದೀಯ ಬೇಟಾ. ಕಾಗದದಾಗೆ ಯಾಕ ಇರಬೇಕು? ಮೇಷ್ಟ್ರೆ, ಬುರಾ ಅನ್ಕೋಬ್ಯಾಡ್ರಿ. ನಿಮ್ಮ ಕೋರ್ಸ್ ಬಹಳ ಚಲೋ ಐತೆ. ನನ್ನ ಮಗಳ ಬಾಯಾಗೆ ಆ ಭಾಷೆ ಕೇಳಿದ್ರೆ ದಿಲ್ ಖುಷ್ ಆಗ್ತೈತೆ. ಅದಕ್ಕೇ ಹೇಳ್ತೀನಿ, ಇಲ್ಲ ಅಂತ ಬರೀರಿ."

ಒಂದು ಪೊಟ್ಟಣ ಬಿಸಿ ಮಂಡಕ್ಕಿ ಕೊಟ್ಟರು. ಮೇಷ್ಟ್ರು ತೆಗೆದುಕೊಂಡರು. ಊರೆಲ್ಲ ಅವರಿಗೆ ಚಹಾ ಕೊಟ್ಟಿತ್ತು, ಬಾಳೆಹಣ್ಣು ಕೊಟ್ಟಿತ್ತು, ಮಂಡಕ್ಕಿ ಕೊಟ್ಟಿತ್ತು. ಬೇಕಾಗಿದ್ದ ಒಂದು ಹೌದು ಮಾತ್ರ ಯಾರೂ ಕೊಡಲಿಲ್ಲ.

ಮರುದಿನ ಇನ್ನೊಂದು ಸುತ್ತು ಹೋಗಿ ತಿಳಿಸಿ ಹೇಳೋಣವೆಂದು ಮೇಷ್ಟ್ರು ಒಬ್ಬರೇ ಹೊರಟರು. ಅದು ಇನ್ನೂ ಕೆಟ್ಟಿತು. ಬರೆದುಕೊಂಡು ಹೋದವನು ಮತ್ತೆ ಬಂದನೆಂದರೆ ತನಿಖೆಗೇ ಬಂದಿದ್ದಾನೆ ಎಂದು ಬಡಾವಣೆಯ ಬಾಗಿಲುಗಳು ಒಂದೊಂದಾಗಿ ಒಳಗಿನಿಂದ ಚಿಲಕ ಹಾಕಿಕೊಂಡವು. ಕಸ್ತೂರಮ್ಮನಾದರೂ ತೆಗೆದಾರು ಎಂದು ಅವರ ಮನೆ ಹುಡುಕಿದರು. ಸಿಗಲಿಲ್ಲ. ಒಂದು ಕ್ರಾಸಿಗೆ ಹೊಕ್ಕರೆ ಇನ್ನೊಂದು ಕ್ರಾಸು, ಅದನ್ನು ದಾಟಿದರೆ ಮತ್ತೆ ಬಂದ ಮೇನ್ ರೋಡೇ. ಎಲ್ಲ ಗೇಟೂ ಕಪ್ಪು, ಎಲ್ಲ ಗೇಟಿನ ಮೇಲೂ 'ನಾಯಿ ಇದೆ'. ಒಂದೇ ಹಾಲಿನ ಬೂತು ಅವರಿಗೆ ಮತ್ತೆ ಮತ್ತೆ ಎದುರಾಯಿತು. ಕಡೆಗೆ ಬೂತಿನವನೇ ಕರುಣೆ ತೋರಿ, ಯಾರ ಮನೆ ಬೇಕ್ರಿ ಎಂದು ಕೇಳಿದ. ಪ್ಯಾರಿಸ್ಸಿನ ಸೇತುವೆಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಬಲ್ಲ ನಾಗಭೂಷಣ್ ಮೇಷ್ಟ್ರು, ಮನೆ ಬೇಡಪ್ಪಾ, ಹರಿಹರದ ಬಸ್ಸು ಎಲ್ಲಿ ನಿಲ್ಲುತ್ತದೆ ಹೇಳು ಸಾಕು ಎಂದರು.

ಬಸ್ಸಿನಲ್ಲಿ ನಿಂತೇ ಹೋದರು. ಮಡಿಲಲ್ಲಿ ಮಗು ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಚೀಲ ಇತ್ತ ಕೊಡ್ರಿ ಅಣ್ಣಾ, ಹಿಡ್ಕೋತೀನಿ ಎಂದಳು. ಕೊಡಲಿಲ್ಲ. ಅದರ ತುಂಬ ಊರಿನ ಇಲ್ಲಗಳಿದ್ದವು, ಅದನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು?

ಸಂಜೆ ಮನೆಯಲ್ಲಿ ಅವನ್ನೆಲ್ಲ ಹರಡಿಕೊಂಡು ಕೂತಿದ್ದಾಗ ವಾಣಿಶ್ರೀ ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದರು. ವಿಷಯ ಕೇಳಿ, ಇದಕ್ಕೆ ಇಷ್ಟು ಸೊರಗುವುದೇ, ಜನ ಬಾಯಲ್ಲಿ ಹೌದು ಅಂದಿದ್ದಾರೆ ತಾನೆ, ಇಲ್ಲ ಎಂಬುದನ್ನು ಹೊಡೆದು ಹೌದು ಎಂದು ಬರೆದರೆ ಅದೇ ನಿಜವಾಗುತ್ತದೆ ಎಂದರು. ತಪ್ಪು ಹೊಲಿದದ್ದನ್ನು ಬಿಚ್ಚಿ ಹೊಲಿಯುವುದಿಲ್ಲವೇ? ಮಾತಿನಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಪೆನ್ನು ತೆಗೆದರು, ಕಸ್ತೂರಮ್ಮನ ಹಾಳೆಯ ಮೇಲೆ ಊರಿದರು. ಅದರ ಪಕ್ಕದಲ್ಲೇ ತಿದ್ದಲು ತಂದಿದ್ದ ಅಂಕಿತಾಳ ಉತ್ತರ ಪತ್ರಿಕೆ ಬಿದ್ದಿತ್ತು. ಸಂಶೋಧಕನಿಗೆ ಸಿಕ್ಕ ಉತ್ತರ ಇಷ್ಟವಾಗದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ. ಏನೂ ಮಾಡಬಾರದು, ಸುಮ್ಮನೆ ಅಳಬೇಕು ಎಂದು ಬರೆದಿದ್ದಳು ಹುಡುಗಿ. ಹಿಂದಿನ ದಿನ ಮೇಷ್ಟ್ರೇ ನಕ್ಕು ಪೂರ್ತಿ ಅಂಕ ಕೊಟ್ಟಿದ್ದರು.

ಪೆನ್ನಿನ ಮುಚ್ಚಳ ಹಾಕಿದರು. ಉಣ್ಣಲು ಕರೆದರೆ ಏಳಲಿಲ್ಲ. ಒಂದು ಊರಿಗೆ ತಾನು ಬೇಕಾಗಿದ್ದು, ಬೇಕೆಂದು ಹೇಳಲು ಆ ಊರಿಗೆ ಹೆದರಿಕೆ ಎಂದರೆ ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದರು. ಮುದ್ದೆ ತಣ್ಣಗಾಗುತ್ತದೆ ಎಂದರು ವಾಣಿಶ್ರೀ.

ಸೋಮವಾರ ಕಾಲೇಜಿಗೆ ಹೋದಾಗ ಬಡಗಿಯೊಬ್ಬ ಏಣಿ ಹತ್ತಿ 'ಯುರೋಪ್ ಅಧ್ಯಯನ ವಿಭಾಗ' ಎಂಬ ಹಲಗೆಯ ಸ್ಕ್ರೂ ಬಿಚ್ಚುತ್ತಿದ್ದ. ಕೆಳಗೆ ಆಲಿಯಾ, ಅಂಕಿತಾ ನಿಂತಿದ್ದರು. ಸೆಕ್ರೆಟರಿಯವರಿಗೆ ಏನು ಹೇಳುತ್ತೀರಿ ಸರ್ ಎಂದು ಅಂಕಿತಾ ಕೇಳಿದಳು. ಇದ್ದದ್ದನ್ನು ಎಂದರು ಮೇಷ್ಟ್ರು. ಇಬ್ಬರ ಮುಖವೂ ಇಳಿಯಿತು. ನಮ್ಮನ್ನು ಯಾವುದಕ್ಕೆ ಹಾಕುತ್ತಾರಂತೆ ಎಂದು ಆಲಿಯಾ ಕೇಳಿದಳು. ಮೇಷ್ಟ್ರು ಹಲಗೆ ಹುಷಾರು, ಒಡೆಯಬೇಡ ಎಂದು ಬಡಗಿಗೆ ಹೇಳಿ ಒಳಗೆ ಹೋದರು.

ಮಹಾಂತೇಶ್ ಈ ಸಲ ಚಹಾ ತರಿಸಲಿಲ್ಲ. ವರದಿಯ ಕಡೆಯ ಪುಟವನ್ನೇ ಮೊದಲು ತೆಗೆದರು; ಅಂಕಿತಾ ಹೇಳಿದ್ದು ಮೇಷ್ಟ್ರಿಗೆ ನೆನಪಾಯಿತು. ಯುರೋಪಿನ ಭಾಷೆ ಕಲಿಸಲು ಇಷ್ಟವಿದೆ ಎಂದವರ ಮುಂದೆ ಒಂದು ಸೊನ್ನೆ ದುಂಡಗೆ, ಚೊಕ್ಕಟವಾಗಿ, ಪೂರಿ ಉಬ್ಬಿದಂತೆ ಕೂತಿತ್ತು. ಅಯ್ಯೋ ಪಾಪ, ನಾನು ನಾಲ್ಕು ಜನ ಆದರೂ ಸಿಗುತ್ತಾರೆ ಅಂದುಕೊಂಡಿದ್ದೆ ಎಂದು ಮಹಾಂತೇಶ್ ನಿಜವಾಗಿಯೇ ಮರುಗಿದರು.

ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ಜನ ಸರ್ಕಾರದ ಸಮೀಕ್ಷೆ ಎಂದು ತಿಳಿದರು, ಹೆದರಿ ಸುಳ್ಳು ಬರೆಸಿದರು, ಮನಸ್ಸಿನಲ್ಲಿ ಎಲ್ಲರಿಗೂ ಆಸೆಯಿದೆ ಎಂದರು. ಹೇಳುತ್ತ ಹೇಳುತ್ತ ತಮ್ಮ ದನಿ ಆ ಹಳೆಯ ಟೇಪಿನ ಹಾಗೆ ಹಿಗ್ಗಿ ನಿಧಾನವಾಗುತ್ತಿರುವುದು ಅವರಿಗೇ ಕೇಳಿಸಿತು.

ಮಹಾಂತೇಶ್ ವರದಿ ಮುಚ್ಚಿ ಅದರ ಮೇಲೆ ಕೈಯಿಟ್ಟರು. ವ್ಯಾಪಾರದ ಮನೆತನದವರು, ತಕ್ಕಡಿ ಹಿಡಿದು ಬೆಳೆದವರು. "ಒಂದು ಮಾತು ಹೇಳ್ರಿ ಮೇಷ್ಟ್ರೆ. ಈ ರಿಸರ್ಚು ಖರೆನೋ, ಸುಳ್ಳೋ? ಸುಳ್ಳು ಅಂದ್ರೆ, ಸುಳ್ಳು ರಿಸರ್ಚ್ ಮಾಡೋರನ್ನ ಕಾಲೇಜಿನಾಗೆ ಹೆಂಗೆ ಇಟ್ಕೊಳ್ಳಿ? ಖರೆ ಅಂದ್ರೆ, ಊರಿಗೆ ಬ್ಯಾಡಾದ ಕೋರ್ಸು ನನಗ್ಯಾಕೆ? ಎರಡರಾಗೆ ಒಂದು ನೀವೇ ಆರಿಸ್ಕೊಳ್ರಿ."

ಆರಿಸಿಕೊಳ್ಳಲು ಏನಿತ್ತು? ಈ ತಟ್ಟೆಯಲ್ಲಿ ಕೂತರೂ ಹೊರಗೆ, ಆ ತಟ್ಟೆಯಲ್ಲಿ ಕೂತರೂ ಹೊರಗೆ. ಹೊರಗೆ ಹಲಗೆ ಇಳಿಸಿದ ಸದ್ದಾಯಿತು. ಬಾಗಿಲ ಸಂದಿಯಲ್ಲಿ ಹುಡುಗಿಯರಿಬ್ಬರ ಕೊರಳಿನ ಚೀಟಿಗಳು ಕಾಣುತ್ತಿದ್ದವು. ಮೇಷ್ಟ್ರು ಎದ್ದು ನಿಂತರು, ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡರು, ವರದಿಯನ್ನು ಮಹಾಂತೇಶರ ಕೈಕೆಳಗಿಂದ ಮೆಲ್ಲಗೆ ಎಳೆದು, ನಡುವಿನ ಒಂದು ಹಾಳೆ ತೆಗೆದು ಅವರ ಮುಂದೆ ತಿರುಗಿಸಿ ಇಟ್ಟರು.

"ಖರೆನೇ ಸರ್, ಒಂದಕ್ಷರ ಸುಳ್ಳಿಲ್ಲ. ಇದು ನಿಮ್ಮ ಮನೆ, ಇದು ನಿಮ್ಮ ತಾಯಿಯವರ ಸಹಿ. ಇದರ ಪ್ರಕಾರ ನಿಮಗೆ ಕಾರಿಲ್ಲ, ನೀವು ಯುರೋಪು ನೋಡಿಲ್ಲ, ಹೊಲ ನೋಡ್ಕೊಂಡು ಅದೀರಿ, ನಿಮ್ಮ ಮನ್ಯಾಗೆ ಯಾರಿಗೂ ಕಾಲೇಜಿಲ್ಲ. ಇಲ್ಲದಿರೋ ಕಾಲೇಜಿನಿಂದ ನನ್ನ ಹೆಂಗೆ ತೆಗೀತೀರಿ ಅಂತ ಒಂದೀಟು ರಿಸರ್ಚ್ ಮಾಡಿ ಹೇಳ್ರಿ. ಅಲ್ಲಿತನಕ ನಾನು ಕ್ಲಾಸಿನಾಗೆ ಇರ್ತೀನಿ."